ಪೆನ್ಸಿಲ್ ಹಿಡಿದು ಕಾದಂಬರಿ ಓದಿ



ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡು ಶುರು ಮಾಡುತ್ತೇನೆ. ಕಳೆದ ವರ್ಷ ಒಂಬತ್ತನೆಯ ತರಗತಿಯಲ್ಲಿ ಚಲನೆಯ ಸಮೀಕರಣಗಳ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಪಠ್ಯಪುಸ್ತಕದ ಒಳಗೆ ಇನ್ನೊಂದು ಪುಸ್ತಕ ಇಟ್ಟುಕೊಂಡು ಓದುತ್ತಿದ್ದ. ನನಗೆ ಸಿಟ್ಟು ಬಂತು. "ಕತೆ ಪುಸ್ತಕ ಓದಿದರೆ ಎಸ್ಸೆಸ್ಸೆಲ್ಸಿ ಪಾಸಾಗ್ತದಾ?" ಎಂದು ಎಲ್ಲರ ಎದುರಿಗೇ ಕೇಳಿ, ಪುಸ್ತಕ ಕಿತ್ತುಕೊಂಡು ಸ್ಟಾಫ್ ರೂಮಿನ ಡ್ರಾಯರಿಗೆ ಹಾಕಿದೆ. ಅದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'. 1980ರಲ್ಲಿ ಬಂದ ಕಾದಂಬರಿ. ಬಿಎಸ್ಸಿ, ಬಿಎಡ್ ಎರಡೂ ಮುಗಿಸಿದ ನಾನು ಅದನ್ನು ಓದಿಯೇ ಇರಲಿಲ್ಲ!

ಓಣಂ ರಜೆಯಲ್ಲಿ ಮನೆಗೆ ಕೊಂಡುಹೋದೆ. ಎರಡು ದಿನದಲ್ಲಿ ಮುಗಿಯಿತು. ಆಮೇಲೆ ನಾಲ್ಕೈದು ತಿಂಗಳಲ್ಲಿ ಇನ್ನೂ ಮೂರು ವಿಜ್ಞಾನ ಕಾದಂಬರಿ ಓದಿದೆ. ಅವುಗಳ ಬಗ್ಗೆ ನನಗನಿಸಿದ್ದನ್ನು ಹೇಳುತ್ತೇನೆ. ನಿಮಗೆ ಬೇರೆ ಅನಿಸಿದರೆ ಜಗಳ ಮಾಡಿ, ತೊಂದರೆ ಇಲ್ಲ.

ಮೊದಲನೆಯದು ಜೂಲ್ಸ್ ವರ್ನ್ 1865ರಲ್ಲಿ ಬರೆದ 'ಭೂಮಿಯಿಂದ ಚಂದ್ರನಿಗೆ'. ಮೂವರನ್ನು ಗುಂಡಿನೊಳಗೆ ಕೂರಿಸಿ ಫಿರಂಗಿಯಿಂದ ಚಂದ್ರನ ಕಡೆಗೆ ಹಾರಿಸುವ ಕತೆ. ಫಿರಂಗಿಯ ಉದ್ದ 900 ಅಡಿ, ಅಂದರೆ ಸುಮಾರು 270 ಮೀಟರ್. ಗುಂಡಿನ ವೇಗ ಸೆಕೆಂಡಿಗೆ ಸುಮಾರು 11 ಕಿಲೋಮೀಟರ್. ಈಗ ನೋಟ್ ಪುಸ್ತಕ ತೆಗೆಯಿರಿ. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದರೆ ವೇಗೋತ್ಕರ್ಷ ಸಿಗುತ್ತದಲ್ಲ? ಮಾಡಿ ನೋಡಿ. ಗುರುತ್ವದ ವೇಗೋತ್ಕರ್ಷಕ್ಕಿಂತ ಸುಮಾರು 22,000 ಪಟ್ಟು ಹೆಚ್ಚು ಬರುತ್ತದೆ. 50 ಕಿಲೋ ಇರುವ ನಿಮ್ಮ ಮೈ ಆ ಕ್ಷಣ 1,100 ಟನ್ ಭಾರವಾದ ಹಾಗೆ. ಪ್ರಯಾಣಿಕರು ಚಟ್ನಿ! ರಾಕೆಟ್ ಯಾಕೆ ನಿಮಿಷಗಟ್ಟಲೆ ಉರಿದು ಮೆಲ್ಲಮೆಲ್ಲನೆ ವೇಗ ಹೆಚ್ಚಿಸಿಕೊಳ್ಳುತ್ತದೆ ಎಂಬುದು ನನಗೆ ನಿಜವಾಗಿ ಅರ್ಥವಾದದ್ದು ಈ ತಪ್ಪಿನಿಂದ. ಹಾಗೆಂದು ವರ್ನ್‌ನನ್ನು ನಗಾಡಬೇಡಿ. ಅವನು ಫಿರಂಗಿ ಇಟ್ಟದ್ದು ಅಮೆರಿಕದ ಫ್ಲೋರಿಡಾದಲ್ಲಿ. 1969ರಲ್ಲಿ ಅಪೊಲೊ 11 ಹೊರಟದ್ದೂ ಅಲ್ಲಿಂದಲೇ.

ಎರಡನೆಯದು ಎಚ್.ಜಿ. ವೆಲ್ಸ್‌ನ 'ಅದೃಶ್ಯ ಮನುಷ್ಯ', 1897ರದ್ದು. ದೇಹದ ವಕ್ರೀಭವನ ಸೂಚ್ಯಂಕವನ್ನು ಗಾಳಿಯದ್ದಕ್ಕೆ ಸಮ ಮಾಡಿದರೆ ಬೆಳಕು ಬಾಗುವುದಿಲ್ಲ, ಮನುಷ್ಯ ಕಾಣುವುದಿಲ್ಲ. ಉಪಾಯ ಸರಿ. ಆದರೆ ಕಣ್ಣಿನ ಮಸೂರವೂ ಬೆಳಕನ್ನು ಬಾಗಿಸದಿದ್ದರೆ ಬಿಂಬ ಎಲ್ಲಿಂದ ಬರಬೇಕು? ಅಕ್ಷಿಪಟ ಬೆಳಕನ್ನು ಹೀರದಿದ್ದರೆ ನೋಡುವುದು ಹೇಗೆ? ಪೂರ್ತಿ ಅದೃಶ್ಯನಾದವನು ಪೂರ್ತಿ ಕುರುಡನೂ ಆಗಬೇಕು. ಭೌತಶಾಸ್ತ್ರದ ಒಂದು ಪಾಠ, ಜೀವಶಾಸ್ತ್ರದ ಒಂದು ಪಾಠ, ಎರಡೂ ಒಂದೇ ಪ್ರಶ್ನೆಯಲ್ಲಿ ಸೇರಿದವು. ನಾವು ಅವನ್ನು ಬೇರೆ ಬೇರೆ ಪೀರಿಯಡ್‌ನಲ್ಲಿ ಕಲಿಸುತ್ತೇವೆ, ನೋಡಿ.

ಮೂರನೆಯದು ಈಚಿನದು, ಆಂಡಿ ವಿಯರ್‌ನ 'ದ ಮಾರ್ಷಿಯನ್'. ಮಂಗಳ ಗ್ರಹದಲ್ಲಿ ಒಬ್ಬನೇ ಉಳಿದವನು ಬಟಾಟೆ ಬೆಳೆದು ಬದುಕುವ ಕತೆ. ರಾಕೆಟ್ ಇಂಧನವಾದ ಹೈಡ್ರಜೀನನ್ನು ವಿಭಜಿಸಿ ಹೈಡ್ರೋಜನ್ ಪಡೆದು, ಅದನ್ನು ಸುಟ್ಟು ನೀರು ಮಾಡುವ ಭಾಗವನ್ನು ನಾನು ಎರಡು ಸಲ ಓದಿದೆ. ಆದರೆ ಕತೆ ಶುರುವಾಗುವ ಬಿರುಗಾಳಿಯೇ ಸುಳ್ಳು. ಗಂಟೆಗೆ 175 ಕಿಲೋಮೀಟರ್ ವೇಗದ ಗಾಳಿ ಅಂತೆ. ಮಂಗಳದ ವಾಯುಭಾರ ನಮ್ಮದರ ನೂರರಲ್ಲಿ ಒಂದು ಪಾಲೂ ಇಲ್ಲ. ಆ ತೆಳು ಗಾಳಿಯ ತಳ್ಳುವಿಕೆ ನಮ್ಮಲ್ಲಿ ಗಂಟೆಗೆ 20-25 ಕಿಲೋಮೀಟರ್ ವೇಗದಲ್ಲಿ ಬೀಸುವ ಗಾಳಿಯಷ್ಟೇ. ಒಣಗಲು ಹಾಕಿದ ಬಟ್ಟೆ ಹಾರೀತು, ರಾಕೆಟ್ ವಾಲುವುದಿಲ್ಲ. ಲೇಖಕರೇ ಇದನ್ನು ಒಪ್ಪಿಕೊಂಡಿದ್ದಾರೆ. ಲೆಕ್ಕ ತುಂಬಾ ಚೆನ್ನಾಗಿದೆ, ಆದರೆ ಪುಸ್ತಕ ಮುಚ್ಚಿದ ಮೇಲೆ ನನ್ನಲ್ಲಿ ಪ್ರಶ್ನೆ ಉಳಿಯಲಿಲ್ಲ.

ಪ್ರಶ್ನೆ ಉಳಿಸಿದ್ದು 'ಕರ್ವಾಲೊ'. ಅಲ್ಲಿ ದೊಡ್ಡ ಲೆಕ್ಕವಿಲ್ಲ, ಯಂತ್ರವಿಲ್ಲ. ಒಂದು ಹಾರುವ ಓತಿಗಾಗಿ ಹುಡುಕಾಟ ಅಷ್ಟೆ. ಆದರೆ ಹಳ್ಳಿಯ ಮಂದಣ್ಣನ ಕಣ್ಣಿಗೆ ಬಿದ್ದದ್ದು ಓದಿದವರ ಕಣ್ಣಿಗೆ ಬೀಳುವುದಿಲ್ಲ. ದೊಡ್ಡ ವಿಜ್ಞಾನಿಯೇ ಅವನ ಹಿಂದೆ ನಡೆಯುತ್ತಾನೆ. ನಾಲ್ಕರಲ್ಲಿ ನನ್ನ ಮೊದಲ ಸ್ಥಾನ ಇದಕ್ಕೆ. ಇಲ್ಲೂ ಪೆನ್ಸಿಲ್ ಬೇಕು. ಕತೆಯಲ್ಲಿ ಆ ಓತಿ ಬಹಳ ಅಪರೂಪದ ಪ್ರಾಣಿ. ನಿಜದಲ್ಲಿ ಪಶ್ಚಿಮ ಘಟ್ಟದ ಹಾರುವ ಓತಿಯನ್ನು ವಿಜ್ಞಾನಿಗಳು 1837ರಲ್ಲೇ ವರ್ಣಿಸಿ ಹೆಸರಿಟ್ಟಾಗಿದೆ, ನಮ್ಮ ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಈಗಲೂ ಇದೆ.

ಕೆಲವು ಶಿಕ್ಷಕ ಮಿತ್ರರು ಹೇಳುತ್ತಾರೆ: "ಇವುಗಳಲ್ಲಿ ತಪ್ಪು ವಿಜ್ಞಾನ ಇರ್ತದೆ, ಮಕ್ಕಳು ಅದನ್ನೇ ನಂಬಿದರೆ?" ಅವರ ಹೆದರಿಕೆ ಸುಳ್ಳಲ್ಲ. ಮೊಬೈಲಿನಲ್ಲಿ ಬಂದದ್ದನ್ನೆಲ್ಲ ನಂಬುವ ಹಾಗೆ ಕಾದಂಬರಿಯನ್ನೂ ನಂಬಿದರೆ ಕಷ್ಟವೇ. ಅದಕ್ಕೆ ಪೆನ್ಸಿಲ್ ಹಿಡಿಯಿರಿ ಎಂದು ನಾನು ಹೇಳುವುದು. ಪಠ್ಯಪುಸ್ತಕದಲ್ಲಿ ಬರೆದದ್ದನ್ನು ನೀವು ಪರೀಕ್ಷಿಸುವುದಿಲ್ಲ, ಬಾಯಿಪಾಠ ಮಾಡುತ್ತೀರಿ. ಕಾದಂಬರಿಯ ಮಾತನ್ನಾದರೆ "ಹೌದಾ?" ಎಂದು ಕೇಳಬಹುದು. ಹಾಗೆ ಕೇಳುವುದೇ ವಿಜ್ಞಾನ.

ಇನ್ನೊಂದು ಮಾತು. ಗಡಿಯ ಕನ್ನಡ ಶಾಲೆಯ ನಿಮಗೆ ಒಂದು ಅಳುಕು ಉಂಟು ಎಂದು ನನಗೆ ಗೊತ್ತು. ಪ್ಲಸ್ ವನ್‌ಗೆ ಹೋದರೆ ಎಲ್ಲ ಇಂಗ್ಲಿಷು, ಕಚೇರಿಗೆ ಹೋದರೆ ಮಲಯಾಳಂ, ಕನ್ನಡದಲ್ಲಿ ಕಲಿತ ವಿಜ್ಞಾನ ಯಾವ ಉಪಯೋಗಕ್ಕೆ ಎಂದು. ಇಂಗ್ಲಿಷ್ ಕಲಿಯಿರಿ, ಮಲಯಾಳಂ ಕಲಿಯಿರಿ. ಆದರೆ ಮೇಲೆ ಮಾಡಿದ ಫಿರಂಗಿಯ ಲೆಕ್ಕ, ಕುರುಡು ಕಣ್ಣಿನ ತರ್ಕ, ಇವಕ್ಕೆ ಕನ್ನಡ ಎಲ್ಲಾದರೂ ಸಾಲದೆ ಹೋಯಿತಾ? ನೀವೇ ಹೇಳಿ.

ರಜೆ ಮುಗಿದ ಮೇಲೆ ಆ ಹುಡುಗನಿಗೆ ಪುಸ್ತಕ ಹಿಂದೆ ಕೊಟ್ಟೆ. ಎಲ್ಲರ ಎದುರು ಬೈದಿದ್ದೆನಲ್ಲ, ಹಾಗಾಗಿ ಎಲ್ಲರ ಎದುರೇ "ನಾನು ಹೇಳಿದ್ದು ತಪ್ಪು" ಎಂದೆ. ಅವನು ನಾಚಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಟೀಚರೇ, ಇದು ನಮ್ಮ ತೋಟದಲ್ಲಿ ಉಂಟು. ಒಂದು ಅಡಿಕೆ ಮರದಿಂದ ಇನ್ನೊಂದಕ್ಕೆ ಹಾರ್ತದೆ. ಆದರೆ ಹೊರಟದ್ದಕ್ಕಿಂತ ಕೆಳಗೇ ಹೋಗಿ ಕೂತುಕೊಳ್ತದೆ, ಮೇಲೆ ಹಾರುದೇ ಇಲ್ಲ. ಯಾಕೆ?"

ಅದು ರೆಕ್ಕೆ ಬಡಿಯುವುದಿಲ್ಲ. ಪಕ್ಕೆಲುಬುಗಳ ಮೇಲಿನ ಚರ್ಮವನ್ನು ಬಿಡಿಸಿಕೊಂಡು ಜಾರುತ್ತದೆ, ಎತ್ತರವನ್ನು ಖರ್ಚು ಮಾಡಿ ದೂರ ಹೋಗುತ್ತದೆ. ಅವತ್ತು ನಾನು ಪುಸ್ತಕ ಕಿತ್ತುಕೊಂಡಾಗ ಕಲಿಸುತ್ತಿದ್ದದ್ದೂ ಚಲನೆಯ ಪಾಠವನ್ನೇ.

ನಿಮ್ಮ ಶಾಲೆಯ ಲೈಬ್ರರಿ ಕಪಾಟಿಗೆ ಬೀಗ ಇದ್ದರೆ ಬೀಗದ ಕೈ ಯಾರ ಹತ್ತಿರ ಉಂಟು ಎಂದು ವಿಚಾರಿಸಿ. ಒಂದು ಕಾದಂಬರಿ ತೆಗೆದುಕೊಳ್ಳಿ. ಅದರಲ್ಲಿ ಒಂದು ಸರಿ, ಒಂದು ತಪ್ಪು ಹುಡುಕಿ ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ. ತರಗತಿಯ ನಡುವೆ ಮಾತ್ರ ಓದಬೇಡಿ, ಆಯ್ತಾ?