ಸಾವಿನ ಮನೆಯಲ್ಲಿ ಚೌಕಾಸಿ ಮಾಡುವವರು ಯಾರು?

ಕೋವಿಡ್‌ನಿಂದ ಸತ್ತವರ ಅಂತ್ಯಕ್ರಿಯೆಗೆ ಬೆಂಗಳೂರಿನ ಚಿತಾಗಾರಗಳಲ್ಲಿ ಹಣ ಪಡೆಯುವುದಿಲ್ಲ ಎಂದು 2020ರ ಜುಲೈನಲ್ಲಿ ಸರ್ಕಾರ ಪ್ರಕಟಿಸಿತು. ಮನ್ನಾ ಆದ ಮೊತ್ತ 1,250 ರೂಪಾಯಿ. ಚಿತಾಗಾರದ ಶುಲ್ಕ 250, ಬೂದಿ ತುಂಬುವ ಮಡಕೆಗೆ 100, ಚಟ್ಟಕ್ಕೆ 900. ಸುಡುವ ಬೆಂಕಿಗಿಂತ ಹೊರುವ ಬಿದಿರು ಮೂರೂವರೆ ಪಟ್ಟಿಗೂ ಹೆಚ್ಚು ದುಬಾರಿ!

ಸಾವಿನ ಖರ್ಚು ಬಡವರನ್ನು ಹೇಗೆ ಹಣಿಯುತ್ತದೆ ಎಂಬುದು ಈ ಪುಟ್ಟ ಲೆಕ್ಕದಲ್ಲೇ ಇದೆ. ಸರ್ಕಾರದ ಕೈಯಲ್ಲಿರುವ ಬೆಂಕಿ ಅಗ್ಗ. ಆ ಬೆಂಕಿಯವರೆಗೆ ಹೆಣ ತಲುಪಿಸುವ ದಾರಿಯೇ ದುಬಾರಿ. ಶವಾಗಾರದಿಂದ ಮನೆಗೆ ಆಂಬುಲೆನ್ಸ್, ದೂರದಲ್ಲಿರುವ ಮಗಳು ಬರುವವರೆಗೆ ಫ್ರೀಜರ್ ಬಾಕ್ಸ್, ಮನೆ ಮುಂದೆ ಶಾಮಿಯಾನ, ಕುರ್ಚಿ, ಹೂವಿನ ಹಾರ, ತಮಟೆಯವರು, ಪುರೋಹಿತರು, ಮತ್ತೊಂದು ಗಾಡಿ. ಪ್ರತಿಯೊಂದಕ್ಕೂ ಒಬ್ಬೊಬ್ಬರು, ಪ್ರತಿಯೊಬ್ಬರದೂ ಬಾಯಿಮಾತಿನ ದರ. ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಇಳಿಸಿ ಎನ್ನುವ ಮನುಷ್ಯ ಅವತ್ತು ಕೇಳಿದಷ್ಟು ಕೊಡುತ್ತಾನೆ. ಅಪ್ಪನ ಹೆಣ ಮುಂದಿಟ್ಟುಕೊಂಡು ಚೌಕಾಸಿಗೆ ನಿಂತರೆ ನೆಂಟರು ಏನಂದಾರು? ಬೇರೆ ಅಂಗಡಿ ನೋಡಿ ಬರಲು ಹೊತ್ತೂ ಇಲ್ಲ, ಮನಸ್ಸೂ ಇಲ್ಲ. ಗಿರಾಕಿ ಬಾಯಿ ಬಿಡಲಾರದ ವ್ಯಾಪಾರದಲ್ಲಿ ದರ ತಾನಾಗಿ ಇಳಿಯುವುದಿಲ್ಲ.

ಹಾಗೆಂದು ಸ್ಮಶಾನದಲ್ಲಿ ಕೈಚಾಚುವವರನ್ನು ಬೈದರೆ ಪ್ರಯೋಜನವಿಲ್ಲ. ಕೋವಿಡ್ ದಿನಗಳಲ್ಲಿ ಹಗಲಿರುಳು ಹೆಣ ಸುಟ್ಟ ಬೆಂಗಳೂರಿನ ನೌಕರರು ಸಂಬಳ ಬಾಕಿ ಎಂದು ಗೋಗರೆದಿದ್ದರು. ಅವರಿಗೆ ಆಮೇಲೆ ‘ಸತ್ಯ ಹರಿಶ್ಚಂದ್ರ ಬಳಗ’ ಎಂಬ ಹೆಸರು ಸಿಕ್ಕಿತು. ಆ ಹೆಸರಿನ ಕಥೆಯನ್ನು ಒಮ್ಮೆ ನೆನೆಯಬೇಕು. ಮಗನ ಹೆಣ ಹೊತ್ತು ಬಂದ ಚಂದ್ರಮತಿಯ ಬಳಿ ಕಾಸಿಲ್ಲ. ಸುಂಕ ಕೊಡದೆ ಸುಡುವಂತಿಲ್ಲ ಎಂದು ತಡೆಯುವವನು ಕ್ರೂರಿಯಲ್ಲ, ಆ ಮಗುವಿನ ತಂದೆ ಹರಿಶ್ಚಂದ್ರನೇ. ಅವನು ಸುಡುಗಾಡಿನ ಒಡೆಯನಿಗೆ ತನ್ನನ್ನೇ ಮಾರಿಕೊಂಡ ಆಳು. ನಿಯಮದಲ್ಲಿ ಬಡತನಕ್ಕೆ ಜಾಗ ಇಟ್ಟಿರಲಿಲ್ಲ, ಅಷ್ಟೆ. ಕಥೆಯನ್ನು ನಾವು ಸತ್ಯನಿಷ್ಠೆಗೆ ಮಾತ್ರ ಒಗ್ಗಿಸಿಕೊಂಡು, ಆ ಸುಂಕದ ಪ್ರಶ್ನೆಯನ್ನು ಅಲ್ಲೇ ಬಿಟ್ಟು ಬಂದೆವು.

ಕಾಗದದ ಮೇಲೆ ನಮ್ಮ ಕಾನೂನು ಕರುಣಾಳು. ಸಂವಿಧಾನದ 21ನೇ ವಿಧಿ ಕೊಡುವ ಘನತೆ ಮೃತದೇಹಕ್ಕೂ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿತು. ವಸತಿಹೀನರಿಗೂ ಗೌರವದ ಅಂತ್ಯಸಂಸ್ಕಾರ ಸಿಗಬೇಕು ಎಂಬುದನ್ನು 2002ರಲ್ಲಿ ಮತ್ತೆ ಎತ್ತಿಹಿಡಿಯಿತು. ಬಿಲ್ ಬಾಕಿಯ ನೆಪದಲ್ಲಿ ಖಾಸಗಿ ಆಸ್ಪತ್ರೆಗಳು ಶವ ತಡೆಹಿಡಿಯುವಂತಿಲ್ಲ ಎಂದು ಕರ್ನಾಟಕವು ತನ್ನ ಕಾಯ್ದೆಯ 2017ರ ತಿದ್ದುಪಡಿಯಲ್ಲೇ ಬರೆದಿದೆ. ಅಂತ್ಯಕ್ರಿಯೆ, ಶವಾಗಾರ, ಶವ ಸಾಗಣೆ ಯಾವುದೂ ಜಿಎಸ್‌ಟಿ ವ್ಯಾಪ್ತಿಯಲ್ಲಿ ಇಲ್ಲ.

ನೆರವಿನ ಹಣವೂ ಇದೆ. ಬಿಪಿಎಲ್ ಕುಟುಂಬಗಳಿಗೆ 5,000 ರೂಪಾಯಿ ಕೊಡುವ ಅಂತ್ಯಸಂಸ್ಕಾರ ಯೋಜನೆಯನ್ನು ರಾಜ್ಯ ರೂಪಿಸಿತ್ತು. ಇಎಸ್‌ಐ ವಿಮೆ ಇದ್ದ ಕಾರ್ಮಿಕ ಸತ್ತರೆ 15,000 ರೂಪಾಯಿವರೆಗೆ ಸಿಗುತ್ತದೆ. ಮನೆಯ ಹಿರಿಯರು ಇಲ್ಲದಿದ್ದರೆ, ಖರ್ಚು ಮಾಡಿದವರು ಯಾರೇ ಆಗಲಿ, ಅವರು ಪಡೆಯಬಹುದು. ಆದರೆ ಇವೆಲ್ಲ ಅರ್ಜಿ ಹಾಕಿದ ಮೇಲೆ ಬರುವ ದುಡ್ಡು. ಹೆಣ ಅರ್ಜಿಗಾಗಿ ಕಾಯುವುದಿಲ್ಲ. ಬೆಳಿಗ್ಗೆ ಸತ್ತರೆ ಸಂಜೆಯೊಳಗೆ ಮಣ್ಣಾಗಬೇಕು. ಆ ಆರೇಳು ಗಂಟೆಗಳ ನಡುವೆ ಬಡವನ ಮನೆಗೆ ಓಡಿ ಬರುವುದು ಸರ್ಕಾರವಲ್ಲ, ಬಡ್ಡಿಗೆ ಕೊಡುವವನು. ತಿಂಗಳುಗಳ ಮೇಲೆ ಬರುವ ಪರಿಹಾರ ಕೊನೆಗೆ ಸೇರುವುದೂ ಅವನ ಕೈಗೇ.

ಹಳ್ಳಿಯ ಕಷ್ಟ ಬೇರೆ. ಒಂದು ಚಿತೆಗೆ ನಾಲ್ಕೈದು ಕ್ವಿಂಟಲ್ ಸೌದೆ ಬೇಕು. ಹಿಂದೆ ಅದಕ್ಕೆ ಬೆಲೆ ಕಟ್ಟುತ್ತಿರಲಿಲ್ಲ. ಸಾವಿನ ಮನೆಗೆ ಸೌದೆ ಹಾಕುವುದು, ಗುಂಡಿ ತೆಗೆಯುವುದು, ಒಲೆ ಹಚ್ಚದ ಆ ಮನೆಗೆ ಅನ್ನ ಸಾರು ಹೊತ್ತು ತರುವುದು ಎಲ್ಲವೂ ಮುಯ್ಯಿ. ದುಡಿಯುವ ಕೈಗಳು ಪಟ್ಟಣ ಸೇರಿದ ಮೇಲೆ ಮುಯ್ಯಿ ಕೂಲಿಯಾಯಿತು, ಸೌದೆ ಲೋಡಿನ ಲೆಕ್ಕವಾಯಿತು. ಹೂಳುವವರಿಗೆ ಜಾಗವೇ ಇಲ್ಲದ ಊರುಗಳೂ ಇವೆ. ಹೊಲವಿದ್ದವರು ಹೊಲದಲ್ಲೇ ಮಣ್ಣು ಮಾಡುತ್ತಾರೆ. ತುಂಡು ನೆಲವಿಲ್ಲದ ದಲಿತರು ಹೆಣ ಹೊತ್ತು ಹಳ್ಳ, ರಸ್ತೆ ಬದಿ ಹುಡುಕಬೇಕಾಗುತ್ತದೆ. ಎಲ್ಲ ಊರುಗಳಿಗೂ ಸ್ಮಶಾನ ಜಾಗ ಕೊಡಿ ಎಂದು ಹೈಕೋರ್ಟ್ 2019ರಲ್ಲಿ ಆದೇಶಿಸಿತು. ಅದು ಪಾಲನೆಯಾಗಲಿಲ್ಲ ಎಂದು ನ್ಯಾಯಾಂಗ ನಿಂದನೆಯ ಅರ್ಜಿಯೂ ಬಂತು. ಊರೂರಿಗೆ ವಿದ್ಯುತ್ ಚಿತಾಗಾರ ಕಟ್ಟುವುದೂ ಉತ್ತರವಲ್ಲ. ಒಲೆ ಕಾಯಲು ಹೊತ್ತು ಬೇಕು, ಕಾದ ಒಲೆಗೆ ಸಾಲಾಗಿ ಹೆಣ ಬಂದರೆ ಮಾತ್ರ ಖರ್ಚು ಗಿಟ್ಟುತ್ತದೆ. ತಿಂಗಳಿಗೊಂದು ಸಾವಿನ ಊರಿಗೆ ಅದು ಬಿಳಿಯಾನೆ.

ಇಷ್ಟೆಲ್ಲ ಮುಗಿದ ಮೇಲೆ ಎದುರಾಗುವುದು ಹನ್ನೊಂದನೇ ದಿನ. ರಾಮ್ ರೆಡ್ಡಿ ಅವರ ‘ತಿಥಿ’ (2015) ಸಿನಿಮಾ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಂಡ್ಯ ಸೀಮೆಯ ನೂರೊಂದು ವರ್ಷದ ಸೆಂಚುರಿ ಗೌಡ ಸತ್ತದ್ದು ಯಾರಿಗೂ ಹೊರೆಯಲ್ಲ. ಊರಿಗೆಲ್ಲ ಊಟ ಹಾಕಬೇಕಾದ್ದೇ ಮೊಮ್ಮಗನಿಗೆ ಹೊರೆ. ಅಂತ್ಯಕ್ರಿಯೆಯ ದಿನದ ಖರ್ಚು ಅನಿವಾರ್ಯ, ತಿಥಿಯದು ಮರ್ಯಾದೆಯದು. ಸಾಲ ಬೆಳೆಯುವುದು ಹೆಚ್ಚಾಗಿ ಎರಡನೆಯದರಲ್ಲಿ.

ಇಲ್ಲೊಂದು ತಕರಾರಿದೆ, ಅದು ನ್ಯಾಯವಾದದ್ದೇ. ಬದುಕಿದ್ದಾಗ ಯಾರೂ ಕೂರಿಸಿ ಮಾತಾಡಿಸದ ಮನುಷ್ಯನಿಗೆ ಸತ್ತ ಮೇಲಾದರೂ ಹತ್ತು ಜನ ಬಂದು ಉಂಡು ಹೋಗಲಿ ಎಂದು ಮಕ್ಕಳು ಬಯಸಿದರೆ, ಅದನ್ನು ದುಂದು ಎನ್ನುವ ಹಕ್ಕು ಯಾರಿಗಿದೆ? ನಿಜ. ಅದಕ್ಕೇ ಕಡಿತದ ಉಪದೇಶ ಬಡವರಿಂದ ಶುರುವಾಗಬಾರದು. ಊರಿನ ದೊಡ್ಡ ಮನೆ ಎಷ್ಟು ಬಗೆ ಬಡಿಸುತ್ತದೋ ಅದೇ ಊರಿನ ಅಳತೆಗೋಲು. ಅವರ ಎಲೆಯಲ್ಲಿ ಮೂರು ಬಗೆ ಕಡಿಮೆಯಾದರೆ ಕೇರಿಯ ಮನೆಗಳಲ್ಲಿ ಒಂದು ಸಾಲಪತ್ರ ಕಡಿಮೆಯಾಗುತ್ತದೆ. ಇಂಥ ಅಳತೆಗೋಲಿಗೆ ಎಡೆಗೊಡದ ಪದ್ಧತಿಯೂ ನಮ್ಮ ನಡುವೆಯೇ ಇದೆ. ಮುಸ್ಲಿಮರಲ್ಲಿ ಶವಕ್ಕೆ ಸುತ್ತುವುದು ಸಾದಾ ಬಿಳಿ ಬಟ್ಟೆ. ಹೊರುವ ಮಂಚವನ್ನು ಸಾಮಾನ್ಯವಾಗಿ ಮಸೀದಿಯೇ ಇಟ್ಟಿರುತ್ತದೆ. ಸಾಹುಕಾರನಿಗೂ ಕೂಲಿಯವನಿಗೂ ಅದೇ ಬಟ್ಟೆ, ಅದೇ ಮಂಚ. ಅಲ್ಲಿ ಯಾವ ಮಗನೂ ಚೌಕಾಸಿ ಮಾಡಬೇಕಿಲ್ಲ. ಸಮುದಾಯ ಅದನ್ನು ಎಂದೋ ಮಾಡಿ ಮುಗಿಸಿದೆ.

ನಾವು ಕಲಿಯಬೇಕಾದ್ದು ಅದನ್ನೇ. ಒಬ್ಬೊಬ್ಬರೂ ದುಃಖದಲ್ಲಿ ಮಾಡಲಾಗದ ಚೌಕಾಸಿಯನ್ನು ಎಲ್ಲರ ಪರವಾಗಿ ಮೊದಲೇ ಮಾಡಿಡಬೇಕು. ನಗರಗಳಲ್ಲಿ ಶವಾಗಾರದ ಬಾಗಿಲಲ್ಲೇ ಗಾಡಿ, ಫ್ರೀಜರ್ ಬಾಕ್ಸ್, ಚಿತಾಗಾರದ ದರಪಟ್ಟಿ ಕನ್ನಡದಲ್ಲಿ ತೂಗುಹಾಕಲಿ. ಅದನ್ನು ಮೀರಿದರೆ ದೂರು ಕೊಡುವ ಫೋನ್ ನಂಬರ್ ಪಕ್ಕದಲ್ಲೇ ಇರಲಿ. ನೆರವು ನಗದಿನ ಬದಲು ವಸ್ತುವಾಗಿ, ಅವತ್ತೇ ಸಿಗಲಿ. ಗುಂಡಿ ತೆಗೆಯುವವರ ಕೂಲಿ, ಸೌದೆ, ಗಾಡಿಯ ಖರ್ಚನ್ನು ಪಂಚಾಯಿತಿಯೇ ಅಲ್ಲೇ ಕೊಟ್ಟು, ಆಮೇಲೆ ಸರ್ಕಾರದಿಂದ ಪಡೆಯಲಿ. ಕಾಯುವ ಶಕ್ತಿ ಇರುವುದು ಕಚೇರಿಗೆ, ಸಾವಿನ ಮನೆಗಲ್ಲ. ಮನೆಯವರು ಮರೆಯದೆ ಮಾಡಬೇಕಾದ ಒಂದು ಕೆಲಸವಿದೆ: 21 ದಿನದೊಳಗೆ ಮರಣ ನೋಂದಣಿ. ಅದಕ್ಕೆ ಶುಲ್ಕವಿಲ್ಲ, ಅದಿಲ್ಲದೆ ವಿಮೆ, ಪಿಂಚಣಿ, ಖಾತೆ ಬದಲಾವಣೆ ಯಾವುದೂ ಇಲ್ಲ. ಮನೆಯ ಹಿರಿಯರೂ ಬಾಯಿ ತೆರೆಯಬೇಕು. ‘ನನ್ನ ತಿಥಿಗೆ ಸಾಲ ಮಾಡಬೇಡಿ’ ಎಂಬ ಮಾತನ್ನು ಅವರು ನಾಲ್ಕು ಜನರ ಮುಂದೆ ಹೇಳಿಟ್ಟರೆ, ಮಗನ ಮೇಲಿನ ಅರ್ಧ ಭಾರ ಇಳಿಯುತ್ತದೆ.

ನಮ್ಮ ಎಷ್ಟೋ ಊರುಗಳ ದೇವಸ್ಥಾನ, ಸಮುದಾಯ ಭವನಗಳಲ್ಲಿ ಮದುವೆಗೆಂದು ಹಂಡೆ, ಕೊಳದಪ್ಪಲೆ, ಸೌಟುಗಳನ್ನು ಎಲ್ಲರೂ ಸೇರಿ ಮಾಡಿಸಿಟ್ಟಿದ್ದೇವೆ. ಬೇಕಾದವರು ಒಯ್ದು, ತೊಳೆದು, ತಂದಿಡುತ್ತಾರೆ. ಮದುವೆ ಕೆಲವರ ಮನೆಯಲ್ಲಿ ಆಗಬಹುದು, ಆಗದಿರಬಹುದು. ತಪ್ಪದೆ ಎಲ್ಲರ ಮನೆಗೂ ಬರುವುದಕ್ಕೆ, ಸ್ಮಶಾನದ ಮೂಲೆಯಲ್ಲೊಂದು ಕಬ್ಬಿಣದ ಚಟ್ಟವನ್ನಾದರೂ ಮಾಡಿಸಿಟ್ಟಿದ್ದೇವೆಯೇ?