ತಪ್ಪು ಮಾತ್ರೆ ಕೊಟ್ಟುಬಿಟ್ಟಿರಾ? ಮೊದಲ ಫೋನ್ ರೋಗಿಯ ಮನೆಗೆ!



ಮುಂಬೈ, ಪುಣೆ, ಹೈದರಾಬಾದ್ ಕಡೆಗೆ ಬಂದು ನೆಲೆಸಿದ ನಮ್ಮವರ ಮಕ್ಕಳು ಎಷ್ಟೋ ಜನ ಡಿ.ಫಾರ್ಮ್ ಮುಗಿಸಿ ಮೆಡಿಕಲ್ ಶಾಪ್‌ಗಳಲ್ಲಿ ಕೆಲಸಕ್ಕಿದ್ದಾರೆ. ಇವತ್ತಿನ ಮಾತು ಅವರಿಗೆ, ಜೊತೆಗೆ ಅವರ ತಂದೆ ತಾಯಿಗೆ.

ನಾನೂ ಡೊಂಬಿವಲಿಯ ಒಂದು ಅಂಗಡಿಯ ಕೌಂಟರಿನಲ್ಲಿ ನಿಂತವನೇ. ಸೇರಿದ ಮೊದಲ ವರ್ಷ ಒಬ್ಬ ಅಜ್ಜಿಗೆ ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ 1 ಮಿ.ಗ್ರಾಂ ಬದಲು 2 ಮಿ.ಗ್ರಾಂ ಕೊಟ್ಟೆ. ಬಿಲ್ ಸರಿಯಾಗಿಯೇ ಇತ್ತು, ಸ್ಟ್ರಿಪ್ ಮಾತ್ರ ತಪ್ಪು. ಸಂಜೆ ಸ್ಟಾಕ್ ನೋಡುವಾಗ ಗೊತ್ತಾಯಿತು. “ಗಲಾಟೆ ಬೇಡ, ಅವರಾಗಿಯೇ ಬಂದರೆ ಬದಲಿಸಿ ಕೊಡೋಣ” ಎಂದರು ಮಾಲೀಕರು. ಊರಿಗೆ ಫೋನ್ ಮಾಡಿದೆ. ಅಪ್ಪನೂ “ಸುಮ್ಮನಿರಪ್ಪ, ಕೆಲಸ ಹೋದೀತು” ಎಂದರು.

ಹತ್ತು ನಿಮಿಷ ಸುಮ್ಮನಿದ್ದೆ. ಆ ಹತ್ತು ನಿಮಿಷಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಆಮೇಲೆ ಬಿಲ್‌ನಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ, ಅಜ್ಜಿ ಬೆವರುತ್ತಿದ್ದಾರೆ, ಕೈ ನಡುಗುತ್ತಿದೆ, ಸೆಕೆಗಿರಬೇಕು ಎಂದು ಫ್ಯಾನ್ ಹಾಕಿ ಮಲಗಿಸಿದ್ದಾರಂತೆ. ಎಚ್ಚರವಾಗಿದ್ದಾರಾ ಎಂದು ಕೇಳಿ, ಮೂರು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿಸಲು ಹೇಳಿದೆ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ ಎಂದೆ. ಈ ಮಾತ್ರೆಯಿಂದ ಇಳಿದ ಸಕ್ಕರೆ ಒಮ್ಮೆ ಏರಿದರೂ ಗಂಟೆಗಳ ನಂತರ ಮತ್ತೆ ಇಳಿಯಬಹುದು. (ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು.) ಅಜ್ಜಿ ಒಂದು ರಾತ್ರಿ ಅಲ್ಲಿದ್ದು ಕ್ಷೇಮವಾಗಿ ಮನೆಗೆ ಬಂದರು.

*ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ: ತಪ್ಪು ಔಷಧ ಹೋಗಿದೆ ಎಂದು ಗೊತ್ತಾದ ಕ್ಷಣ ಮೊದಲ ಫೋನ್ ರೋಗಿಯ ಮನೆಗೆ. ಮಾಲೀಕರಿಗೂ ಅಪ್ಪನಿಗೂ ಆಮೇಲೆ.*

ಕೆಲಸ ಹೋಗುವ ಭಯ ಸುಳ್ಳಲ್ಲ. ಮನೆ ಬಾಡಿಗೆ, ಊರಿಗೆ ಕಳಿಸುವ ದುಡ್ಡು ಎಲ್ಲವೂ ಕಣ್ಣ ಮುಂದೆ ಬರುತ್ತದೆ. ನನಗೂ ಆ ತಿಂಗಳ ಸಂಬಳದಲ್ಲಿ ಕಡಿತವಾಯಿತು. ಆದರೆ ಕೆಲಸ ಇನ್ನೊಂದು ಅಂಗಡಿಯಲ್ಲಿ ಸಿಗುತ್ತದೆ. ಅಜ್ಜಿಗೆ ಏನಾದರೂ ಆಗಿದ್ದರೆ ಅವರನ್ನು ಎಲ್ಲಿಂದ ತರುವುದು?

ಅದಾದ ಮೇಲೆ ವಾರಗಟ್ಟಲೆ ನಿದ್ದೆಯಿಲ್ಲ. ಒಂದೊಂದು ಸ್ಟ್ರಿಪ್ಪನ್ನೂ ಹತ್ತು ಸಲ ಓದುತ್ತಿದ್ದೆ. ಇದು ನನ್ನೊಬ್ಬನ ಪಾಡಲ್ಲ. ಚಿಕಿತ್ಸೆಯಲ್ಲಿ ತಪ್ಪಾದಾಗ ಮೊದಲು ನೋಯುವವನು ರೋಗಿ, ಎರಡನೆಯವನು ತಪ್ಪು ಮಾಡಿದವನು ಎಂದು ಅಮೆರಿಕದ ವೈದ್ಯ ಆಲ್ಬರ್ಟ್ ವು 2000ರಲ್ಲೇ ಬರೆದಿದ್ದರು. ನನ್ನನ್ನು ಎತ್ತಿ ನಿಲ್ಲಿಸಿದ್ದು ಒಬ್ಬ ಹಿರಿಯ ಸಹೋದ್ಯೋಗಿ. “ನೀನು ಕೆಟ್ಟವನಾ ಅಂತ ಯೋಚಿಸಬೇಡ, ತಪ್ಪು ಹೇಗಾಯಿತು ಅಂತ ಬರೆದಿಡು” ಎಂದು ಒಂದು ನೋಟ್‌ಬುಕ್ ಕೊಟ್ಟರು. ಬರೆದಾಗ ತಿಳಿಯಿತು: ಎರಡೂ ಸ್ಟ್ರಿಪ್ ಒಂದೇ ಬಣ್ಣ, ಒಂದೇ ಡ್ರಾಯರ್, ಮಾತ್ರೆ ತೆಗೆಯುವಾಗ ನನ್ನ ಕಿವಿಯಲ್ಲಿ ಫೋನ್!

ಆ ನೋಟ್‌ಬುಕ್ಕಿನ ಕೆಲವು ಪಾಠಗಳು:

1. ಸ್ಟ್ರಿಪ್ ಮೇಲಿನ ಹೆಸರು, ಮಿ.ಗ್ರಾಂ ಮೂರು ಸಲ ಓದಿ: ತೆಗೆಯುವಾಗ, ಚೀಟಿಗೆ ಹೋಲಿಸುವಾಗ, ಕೈಗೆ ಕೊಡುವಾಗ. ಆಗ ಫೋನ್ ಬೇಡ.

2. ನೋಡಲು ಒಂದೇ ಥರ ಇರುವ ಮಾತ್ರೆಗಳನ್ನು ಬೇರೆ ಬೇರೆ ಡ್ರಾಯರಿನಲ್ಲಿ ಇಡಿ.

3. ಇನ್ಸುಲಿನ್ 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಎಳೆದರೆ ಡೋಸ್ ಎರಡೂವರೆ ಪಟ್ಟು ಆಗುತ್ತದೆ.

4. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ದಿನಾ ತೆಗೆದುಕೊಂಡರೆ ಜೀವಕ್ಕೇ ಅಪಾಯ. ಡಾಕ್ಟರು ಹೇಳಿದ ವಾರವನ್ನು ಪೊಟ್ಟಣದ ಮೇಲೆ ದೊಡ್ಡದಾಗಿ ಬರೆದು ಕೊಡಿ.

5. ನಮ್ಮವರು ಎಡವುವ ಜಾಗ ಇನ್ನೊಂದಿದೆ, ಭಾಷೆ! ಹಿಂದಿಯ ‘ದೇಢ್’ ಎಂದರೆ ಒಂದೂವರೆ, ‘ಢಾಯಿ’ ಎಂದರೆ ಎರಡೂವರೆ. ಮರಾಠಿಯಲ್ಲಿ ‘ದೀಡ್’, ‘ಅಡೀಚ್’. ಅನುಮಾನ ಬಂದರೆ ಅಂಕಿಯಲ್ಲಿ ಬರೆದು ತೋರಿಸಿ, ಕೇಳಿ. ಕೇಳುವುದರಲ್ಲಿ ಅವಮಾನವಿಲ್ಲ.

6. ತಪ್ಪಾಗಲಿದ್ದು ಕೊನೆ ಗಳಿಗೆಯಲ್ಲಿ ತಪ್ಪಿದ್ದನ್ನೂ ಬರೆದಿಡಿ. ಅದು ಪುಕ್ಕಟೆ ಸಿಕ್ಕ ಪಾಠ.

ಇನ್ನು ತಂದೆ ತಾಯಂದಿರಿಗೆ ಒಂದು ಮಾತು. ಮಗನೋ ಮಗಳೋ ರಾತ್ರಿ ಫೋನ್ ಮಾಡಿ “ಇವತ್ತು ಒಂದು ತಪ್ಪಾಯಿತು” ಎಂದರೆ “ಯಾರಿಗೂ ಹೇಳಬೇಡ” ಎನ್ನಬೇಡಿ. “ಅವರ ಮನೆಗೆ ಹೇಳಿದೆಯಾ?” ಎಂದು ಕೇಳಿ. ಆಮೇಲೆ “ಊಟ ಮಾಡಿದೆಯಾ?” ಎಂದು ಕೇಳಿ. ಆ ಎರಡೂ ಪ್ರಶ್ನೆ ಅವತ್ತು ಬೇಕಾಗುತ್ತವೆ.

ಔಷಧ ಅಂಗಡಿಯಲ್ಲಿ ಕೆಲಸ ಮಾಡುವವರು ನಿಮ್ಮ ಬಳಗದಲ್ಲಿದ್ದರೆ ಇದನ್ನು ತಪ್ಪದೇ ಕಳುಹಿಸಿ. ಎಲ್ಲರಿಗೂ ಒಳ್ಳೆಯದಾಗಲಿ.