ಕೂಸಿಗೆ ಪರೀಕ್ಷೆಯೆ?

ಚಾಂಪಿಯನ್ ರೀಫ್ಸಿನ ಗಣಿಯಲ್ಲಿ ಅದಿರನ್ನು ಮೇಲೆ ತಂದು, ಪುಡಿಗುಟ್ಟಿ, ಸಯನೈಡಿನಿಂದ ಚಿನ್ನವನ್ನು ಬೇರ್ಪಡಿಸಿ, ಉಳಿದ ಮಣ್ಣನ್ನು ಊರ ಮಗ್ಗುಲಿಗೇ ಗುಡ್ಡೆಯೊಟ್ಟುತ್ತಿದ್ದರು. ಗಣಿಗಳು 2001ರಲ್ಲಿ ಮುಚ್ಚಿದವು, ಗುಡ್ಡೆಗಳು ಉಳಿದವು. ಬೇಕಾದುದನ್ನು ಆರಿಸಿಕೊಂಡು ಉಳಿದುದನ್ನು ಹೊರಗೊಟ್ಟುವ ಆ ಪದ್ಧತಿಯೇ ಈಗ ಶಿಶುಗಳ ಶಾಲಾಪ್ರವೇಶದಲ್ಲಿ ತಲೆದೋರಿರುವುದನ್ನು ವಿದ್ಯಾವಂತ ಗೃಹಸ್ಥರು ಯೋಚಿಸಿದಂತೆ ತೋರದು.

ತಾಯಿತಂದೆಗಳ ಆತುರವನ್ನು ಹಳಿಯುವುದು ಯುಕ್ತವಲ್ಲ. ಗಣಿಯಿದ್ದ ಕಾಲದಲ್ಲಿ ಮಗನಿಗೂ ಅಲ್ಲಿಯೇ ಒಂದು ಕೆಲಸ ದೊರೆತೀತೆಂಬ ಆಸೆಯಿದ್ದಿತು. ಈಗ ಸಾವಿರಾರು ಮಂದಿ ನಸುಕಿನಲ್ಲೆದ್ದು ಮಾರಿಕುಪ್ಪದ ರೈಲು ಹತ್ತಿ, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ದುಡಿಯಲು ಹೋಗಿ, ರಾತ್ರಿ ಮರಳುತ್ತಾರೆ. ಮಕ್ಕಳಿಗೆ ಬಿಟ್ಟುಹೋಗಲು ಹೊಲಗದ್ದೆಗಳಿಲ್ಲದವನಿಗೆ ಇಂಗ್ಲಿಷ್ ಶಾಲೆಯ ಒಂದು ಸ್ಥಾನವೇ ಆಸ್ತಿಯಾಗಿ ಕಾಣುವುದರಲ್ಲಿ ಆಶ್ಚರ್ಯವೇನು?

ಹಳಿಯತಕ್ಕದ್ದು ಆ ಸ್ಥಾನವನ್ನು ಹಂಚುವ ಬಗೆಯನ್ನು. ನಾಡಿನ ಅನೇಕ ಖಾಸಗಿ ಶಾಲೆಗಳಲ್ಲಿ ನಾಲ್ಕು ವರ್ಷದ ಕೂಸನ್ನು ಮೇಜಿನ ಮುಂದೆ ನಿಲ್ಲಿಸಿ ಬಣ್ಣದ ಹೆಸರು, ಹಣ್ಣಿನ ಹೆಸರು ಕೇಳುವರು, ಕೇಳುವುದು ಇಂಗ್ಲಿಷಿನಲ್ಲಿ. ಮನೆಯಲ್ಲಿ ತಮಿಳನ್ನೋ ತೆಲುಗನ್ನೋ ಕನ್ನಡವನ್ನೋ ಆಡುವ ಚಾಂಪಿಯನ್ ರೀಫ್ಸಿನ ಮಗು ಅಂಥಲ್ಲಿ ಬಾಯಿ ಮುಚ್ಚಿ ನಿಂತರೆ ಅದಕ್ಕೆ ಮಂದಬುದ್ಧಿಯೆಂಬ ಬಿರುದು! ಆ ಭಾಷೆಯನ್ನು ಕಲಿಸುವುದಕ್ಕೆಂದೇ ತೆರೆದ ಶಾಲೆಯು, ಅದನ್ನು ಕಲಿತು ಬಾರದ ಮಗುವನ್ನು ಹಿಂದಕ್ಕೆ ಕಳುಹುವುದಾದರೆ, ಶುಲ್ಕವನ್ನು ತೆಗೆದುಕೊಳ್ಳುವುದು ಯಾವ ಕೆಲಸಕ್ಕೆ? ಬಳಿಕ ತಾಯಿಯ ವಿದ್ಯೆ, ತಂದೆಯ ಉದ್ಯೋಗಗಳ ವಿಚಾರಣೆ. ಪರೀಕ್ಷೆ ನಡೆದುದು ಯಾರಿಗೆಂಬುದು ಅಲ್ಲಿ ಬಯಲಾಗುವುದು.

2009ರ ಶಿಕ್ಷಣದ ಹಕ್ಕಿನ ಕಾಯಿದೆಯ 13ನೆಯ ಪ್ರಕರಣವು ಇದನ್ನು ನಿಷೇಧಿಸಿದೆ. ಮಗುವನ್ನಾಗಲಿ ಹೆತ್ತವರನ್ನಾಗಲಿ ಪರೀಕ್ಷಿಸಿ ಆರಿಸಿದರೆ ಮೊದಲ ತಪ್ಪಿಗೆ 25,000 ರೂಪಾಯಿಗಳವರೆಗೆ, ಅನಂತರದ ಒಂದೊಂದಕ್ಕೆ 50,000 ರೂಪಾಯಿಗಳವರೆಗೆ ದಂಡ. ಒಂದು ಮಗುವನ್ನು ಬಿಟ್ಟು ಇನ್ನೊಂದನ್ನು ತೆಗೆದುಕೊಳ್ಳಲೇಬೇಕಾದರೆ ಚೀಟಿಯೆತ್ತುವಂತಹ, ಯಾರ ಕೈವಾಡಕ್ಕೂ ಎಡೆಯಿಲ್ಲದ ಕ್ರಮವೇ ಕಾಯಿದೆಗೆ ಸಮ್ಮತ. ಇದರಿಂದ ನುಸುಳಿಕೊಳ್ಳಲು ಎರಡು ವಾದಗಳಿವೆ. ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದವರಿಗೆ, ಎಲ್.ಕೆ.ಜಿ.ಗೆ ಅಲ್ಲವೆಂಬುದೊಂದು, 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಲ್ಪಸಂಖ್ಯಾತರ ಶಾಲೆಗಳನ್ನು ಅದರಿಂದ ಹೊರಗಿಟ್ಟಿತೆಂಬುದು ಇನ್ನೊಂದು. ಎರಡನೆಯದು ನಿಜ, ಆದರೆ ಕಾಯಿದೆಯ ಕಾಟವಿಲ್ಲದವರಿಗೆ ಧರ್ಮದ ಕಟ್ಟಾದರೂ ಇರಬೇಡವೆ? ಮೊದಲನೆಯದು ಬರಿಯ ಜಾಣತನ. ಎಲ್.ಕೆ.ಜಿ.ಗೆ ಸೇರಿದವರಿಂದಲೇ ಒಂದನೆಯ ತರಗತಿ ತುಂಬಿಹೋದ ಮೇಲೆ ಆರು ವರ್ಷದ ಮಗುವಿಗೆ ಕಾಯಿದೆಯು ಕಾದಿರಿಸುವುದೇನು?

ಚೀಟಿಯ ಕ್ರಮ ನಡೆಯದೆಂದು ಹೇಳುವಂತಿಲ್ಲ. ಅದೇ ಕಾಯಿದೆಯು ಖಾಸಗಿ ಶಾಲೆಗಳಲ್ಲಿ ಶೇಕಡಾ 25 ಸ್ಥಾನಗಳನ್ನು ದುರ್ಬಲ ವರ್ಗಗಳಿಗೆ ಕೊಡಿಸಿದ್ದು, ಕರ್ನಾಟಕದಲ್ಲಿ 2012ರಿಂದ ಲಾಟರಿಯ ಮೂಲಕ ಮಕ್ಕಳು ಸೇರುತ್ತ ಬಂದರು. 2019ರಲ್ಲಿ ಸರಕಾರವು ನಿಯಮವನ್ನು ತಿದ್ದಿ, ನೆರೆಯಲ್ಲಿ ಸರಕಾರಿ ಇಲ್ಲವೆ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಗೆ ಆ ಹೊಣೆಯಿಲ್ಲವೆಂದಿತು. ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ನೆರೆಯಲ್ಲಿ ಸರಕಾರಿ ಶಾಲೆಯುಂಟೆಂಬುದು ಬಡವನ ಮಗುವಿಗೆ ತಕ್ಕ ಉತ್ತರವಾದರೆ, ಅಧಿಕಾರಿಯ ಮಗುವಿಗೂ ವಕೀಲರ ಮಗುವಿಗೂ ಅದೇ ಉತ್ತರ ಏಕಾಗದು? ಆ ಮಕ್ಕಳು ಅಲ್ಲಿ ಕುಳಿತಿದ್ದರೆ ಮಾಡು ಸೋರುವ ಕೊಠಡಿಯೂ ಉಪಾಧ್ಯಾಯರಿಲ್ಲದ ತರಗತಿಯೂ ಎಷ್ಟು ದಿನ ಉಳಿದಾವು?

ಅದು ಆಗುವವರೆಗೆ, ಅರ್ಜಿ ಹಾಕಿದ ಹೆತ್ತವರೆಲ್ಲರ ಸಮಕ್ಷಮದಲ್ಲಿ ಶಾಲೆಗಳು ಚೀಟಿಯೆತ್ತಲಿ. ಇದನ್ನು ಮೊದಲು ಕೇಳಬೇಕಾದವರು ಪರೀಕ್ಷೆಯಲ್ಲಿ ಗೆಲ್ಲುವ ಮಕ್ಕಳ ತಾಯಿತಂದೆಗಳು. ಸೋತವರು ಕೇಳಿದರೆ ಅದಕ್ಕೆ ಹೊಟ್ಟೆಕಿಚ್ಚೆಂಬ ಹೆಸರು ಬರುವುದು.